ಎರಡು ಗಂಟೆ ಬಿಸಿಯ ಕಾರು

ಉತ್ತರದ ಹಿಮನಾಡಿನ ಕಾಯಾನಿ ಪಟ್ಟಣದ ಹಾಪರಿನ್ನೆ ವಸತಿ ಸಂಘದ ಆಡಳಿತ ಮಂಡಳಿಯು ನವೆಂಬರ್ ತಿಂಗಳ ಎರಡನೆಯ ಮಂಗಳವಾರ ಸಭೆ ಸೇರಿ, ಅಂಗಳದ ಹಿಮ ತೆಗೆಸುವುದನ್ನು ಸರ್ವಾನುಮತದಿಂದ ನಿಲ್ಲಿಸಿತು. ಸಂಘದ ಇಪ್ಪತ್ನಾಲ್ಕು ಮನೆಗಳ ಪೈಕಿ ಇಪ್ಪತ್ಮೂರು ಮನೆಯವರು ಎಂಥ ಹಿಮದಲ್ಲೂ ಓಡುವ ಎಸ್‌ಯುವಿ ಇಟ್ಟುಕೊಂಡಿದ್ದರು. ಅಂಥ ಕಾರುಗಳ ಮುಂದೆ ಹಿಮ ತೆಗೆಸುವುದು ಆ ಕಾರುಗಳಿಗೆ ಮಾಡುವ ಅವಮಾನವೆಂದು ನಡವಳಿ ಪುಸ್ತಕದಲ್ಲಿ ದಾಖಲಾಯಿತು.

ಇಪ್ಪತ್ನಾಲ್ಕನೆಯವನು ಯಾರ್ನೊ ಕೆಂಪೈನೆನ್. ಹೆಂಡತಿ ಸಾಟು, ಮೂವರು ಮಕ್ಕಳು, ಒಂದು ನಾಯಿ, ಒಂದು ಪುಟ್ಟ ಕಾರು. ಗುರುವಾರ ಬೆಳಗ್ಗೆ ನೋಡಿದರೆ ಕಾರಿನ ಆಂಟೆನಾ ಮಾತ್ರ ಹಿಮದ ಮೇಲೆ ಕಾಣುತ್ತಿತ್ತು. ಅವನು ನೆಟ್ಟಗೆ ಮಂಡಳಿಯ ಅಧ್ಯಕ್ಷೆ ರೌಹಾ ಅವರ ಮನೆ ಬಾಗಿಲು ತಟ್ಟಿದ.

"ರೌಹಾ ಅವ್ರೇ, ನನ್ನ ಕಾರು ಹೂತುಹೋಗಿದೆ."

"ಕಿಟಕಿಯಿಂದ ನೋಡ್ದೆ. ಚೆನ್ನಾಗೇ ಹೂತಿದೆ."

"ಮಕ್ಕಳನ್ನ ಸ್ಕೂಲಿಗೆ ಬಿಡ್ಬೇಕಲ್ಲ."

"ದೊಡ್ಡ ಕಾರು ತಗೊಳ್ಳಿ. ಸಲಹೆ ಕೊಡೋಕೆ ಅಂತಾನೇ ಒಂದು ಸಮಿತಿ ಮಾಡಿದ್ದೀವಿ."

"ಯಾವಾಗ ಮಾಡಿದ್ರಿ?"

"ಈಗ. ಒಳಗೆ ಬನ್ನಿ, ಕಾಫಿ ಕುಡೀತಿದ್ದಾರೆ."

ಕುಟುಂಬ ವಾಹನ ಆಯ್ಕೆ ಸಮಿತಿಯಲ್ಲಿ ರೌಹಾ ಸೇರಿ ಐವರಿದ್ದರು. ಸಮಿತಿ ಒಪ್ಪದ ಕಾರಿಗೆ, ನಿಲ್ಲಿಸಿದ ಕಾರಿನ ಎಂಜಿನ್ನು ಸೀಟು ಕಾಯಿಸಲೆಂದು ವೈರು ಚುಚ್ಚುವ ಅಂಗಳದ ಕರೆಂಟು ಕಂಬದಿಂದ ಬಿಸಿ ಸಿಗುವುದಿಲ್ಲ. ಆ ಬಿಸಿ ಸಿಗದ ಕಾರು ಜನವರಿಯ ಚಳಿಯಲ್ಲಿ ಕೆಮ್ಮುವುದೂ ಇಲ್ಲ. ಹಾಗಾಗಿ ಸಮಿತಿಯ ಸಲಹೆಯನ್ನು ಸ್ವೀಕರಿಸುವುದು ಸದಸ್ಯರ ಸ್ವಂತ ಇಚ್ಛೆಗೆ ಬಿಟ್ಟಿದ್ದು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಸಾಲೂ ಇತ್ತು. ಇನ್ನು ಮುಂದೆ ಕೊಳ್ಳುವ, ಎರಡು ಸಾವಿರ ಕಿಲೋ ಮೀರಿದ ಕಾರಿಗೆ ದಿನಕ್ಕೆ ಒಂದು ಗಂಟೆ ಬಿಸಿ ಸಾಲದು, ಎರಡು ಗಂಟೆ ಬೇಕು. ಈ ಹೆಚ್ಚುವರಿ ಬಿಸಿಗೆ ಬದಲಾಗಿ ಆ ಮನೆಯವರ ಸೌನಾ ಸರದಿಯನ್ನು ರದ್ದು ಮಾಡತಕ್ಕದ್ದು.

ಇದನ್ನು ಓದಿ ಯಾರ್ನೊನ ಜೀವ ಬಾಯಿಗೆ ಬಂತು. ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಉಗಿಸ್ನಾನದ ಕೋಣೆ ಸೌನಾದಲ್ಲಿ ಅವರ ಸರದಿ ಶನಿವಾರ ಸಂಜೆ ಆರು ಗಂಟೆ. ಇಡೀ ವಾರಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅದು ಸಾಟುವಿನ ಅಜ್ಜಿಯಿಂದ ಬಂದದ್ದು, ಆಸ್ತಿ ಅಂತ ಆ ಮನೆತನಕ್ಕೆ ಇದ್ದದ್ದೇ ಅದೊಂದು.

"ಯಾವ ಕಾರಾದ್ರೂ ತಗೋ," ಅಂದಳು ಸಾಟು. "ಶನಿವಾರ ಆರು ಗಂಟೆ ಕೈಬಿಟ್ಟು ಹೋದ್ರೆ ಮಾತ್ರ ನೀನು ಆ ಕಾರಲ್ಲೇ ಮಲ್ಕೋ."

ಕಾರು ಮಾರುವ ಓಸ್ಮೊ ಒಳ್ಳೆಯ ಮನುಷ್ಯ, ಸಮಿತಿಯ ಐವರಿಗೂ ಕುರ್ಚಿ ಹಾಕಿಸಿದ. ಮೊದಲು ತೋರಿಸಿದ ಕಾರು ಸಾವಿರದ ಒಂಬೈನೂರು ಕಿಲೋ. ದಪ್ಪ ಉಡುಪು ತೊಟ್ಟ ಮೂರೂ ಮಕ್ಕಳು ಹಿಡಿಸಿದರು, ನಾಯಿಯೂ ಹಿಡಿಸಿತು, ನಾಲ್ಕೂ ಚಕ್ರ ಮಂಜುಗಡ್ಡೆಯನ್ನು ಕಚ್ಚಿ ಹಿಡಿದವು. ಯಾರ್ನೊಗೆ ಕುಣಿಯುವಷ್ಟು ಖುಷಿ. ಆದರೆ ಹಿಂಬದಿಯಲ್ಲಿ ರೌಹಾ ಅವರ ಹಳೆಯ ಸೋಫಾ ಹಿಡಿಸಲಿಲ್ಲವಾದ್ದರಿಂದ ಸಮಿತಿ ಅದನ್ನು ತಿರಸ್ಕರಿಸಿತು. ಆ ಸೋಫಾ ಅದೇ ವಾರ ರೌಹಾ ಅವರ ತಂಗಿಯ ಮನೆಗೆ ಹೋಗಬೇಕಿದ್ದದ್ದು ಕೇವಲ ಕಾಕತಾಳೀಯ.

ಎರಡನೆಯ ಕಾರಿನಲ್ಲಿ ಸೋಫಾ ಹಿಡಿಸಿತು, ಸಮಿತಿ ಹಿಡಿಸಲಿಲ್ಲ. ಮೂರನೆಯದರಲ್ಲಿ ಸೋಫಾ, ಐವರು ಸದಸ್ಯರು, ಕಾಫಿ ಫ್ಲಾಸ್ಕು, ಒಂದು ತಟ್ಟೆ ಏಲಕ್ಕಿ ಬನ್ನು, ಎಲ್ಲ ಹಿಡಿಸಿ, ತಂಗಿಯ ಮನೆವರೆಗಿನ ಪರೀಕ್ಷಾರ್ಥ ಓಡಾಟವೂ ಯಶಸ್ವಿಯಾಯಿತು. ಜಾಗ ಸಾಲದೆ ಯಾರ್ನೊ ಬಸ್ಸಿನಲ್ಲಿ ಹೋದ.

"ಇದು ಎರಡು ಸಾವಿರದ ಮುನ್ನೂರು ಕಿಲೋ ಇದೆ," ಅಂದ ಯಾರ್ನೊ.

"ಸಮಿತಿ ಅವಿರೋಧವಾಗಿ ಒಪ್ಪಿದೆ," ಅಂದರು ರೌಹಾ.

"ಕೊಳ್ಳೋನು ನಾನಲ್ವಾ?"

"ಅದಕ್ಕೂ ಫಾರಂನಲ್ಲಿ ಜಾಗ ಇದೆ. ಇಲ್ಲಿ ನೋಡಿ, ಇತರೆ ಅಂತ."

ಕಾರು ಬಂದ ದಿನವೇ ಪತ್ರವೂ ಬಂತು. ಕೆಂಪೈನೆನ್ ಕುಟುಂಬದ ಸೌನಾ ಸರದಿಯನ್ನು ನಿಯಮಾನುಸಾರ ಕಾರಿಗೆ ವರ್ಗಾಯಿಸಲಾಗಿದೆ. ತೆರವಾದ ಶನಿವಾರ ಆರು ಗಂಟೆಯನ್ನು, ಪರೀಕ್ಷೆಯ ವೇಳೆ ಸೋಫಾ ಎತ್ತಿ ಸೊಂಟ ಹಿಡಿದುಕೊಂಡಿರುವ ಅಧ್ಯಕ್ಷೆಯವರಿಗೆ ಮಾನವೀಯತೆಯ ದೃಷ್ಟಿಯಿಂದ ನೀಡಲಾಗಿದೆ.

ಸಾಟು ಎರಡು ಸಲ ಓದಿದಳು. ಯಾರ್ನೊ ದಿಂಬು ಕಂಬಳಿ ಹುಡುಕಲು ಎದ್ದ.

"ನಮ್ಮ ಸರದಿ ಎಲ್ಲಿಗೆ ಹೋಯ್ತು ಅಂತ ಬರ್ದಿದ್ದಾರೆ?" ಅಂತ ಕೇಳಿದಳು ಸಾಟು.

"ಕಾರಿಗೆ."

"ಸರಿ, ಕಾರಿಗೇ ಹೋಗೋಣ."

ಶನಿವಾರ ಸಂಜೆ ಆರಕ್ಕೆ ಸರಿಯಾಗಿ ಐದೂ ಜನ ಟವೆಲು ಸುತ್ತಿಕೊಂಡು ಅಂಗಳಕ್ಕಿಳಿದರು. ಕಂಬದ ಕರೆಂಟಿನಲ್ಲಿ ಒಳಗಿನ ಹೀಟರು ಎರಡು ಗಂಟೆ ಉರಿದು, ಸೀಟುಗಳು ದೋಸೆ ಕಾವಲಿಯ ಹಾಗೆ ಕಾದಿದ್ದವು. ಯಾರ್ನೊ ಹೀಟರಿನ ಬಾಯಿಗೆ ಒಂದು ಸೌಟು ನೀರು ಸುರಿದ. ಚುಸ್ಸೆಂದು ಉಗಿ ಎದ್ದಿತು. ಸಾಟು ಸೌನಾದ ರೂಢಿಯಂತೆ ಬರ್ಚ್ ಸೊಪ್ಪಿನ ಕಟ್ಟಿನಿಂದ ಅವನ ಬೆನ್ನಿಗೆ ನಾಲ್ಕು ಬಡಿದಳು, ಅದರಲ್ಲಿ ಎರಡು ಸಮಿತಿಯ ಲೆಕ್ಕಕ್ಕೆ. ಆಮೇಲೆ ಬಾಗಿಲು ತೆಗೆದು ಎಲ್ಲರೂ ಯಾರೂ ತೆಗೆಸದ ಆ ಸೊಂಟದೆತ್ತರದ ಹಿಮಕ್ಕೆ ಧುಮುಕಿದರು. ಯಾರ್ನೊಗೆ ಇಷ್ಟು ಸುಖ ನೆಲಮಾಳಿಗೆಯಲ್ಲೂ ಸಿಕ್ಕಿರಲಿಲ್ಲ.

ಇಪ್ಪತ್ಮೂರು ಮನೆಗಳ ಕಿಟಕಿಗಳಲ್ಲಿ ಜನ ನಿಂತಿದ್ದರು. ಅವರ ಕಾರುಗಳು ಹಳೆಯವು, ಒಂದೇ ಗಂಟೆ ಬಿಸಿಯವು. ಸೋಮವಾರ ಫಲಕದಲ್ಲಿ ಪ್ರಕಟಣೆ ಬಿತ್ತು: "ಕೆಂಪೈನೆನ್ ಕಾರಿನಲ್ಲಿ ಉಗಿ ತೆಗೆದುಕೊಳ್ಳಲಿಚ್ಛಿಸುವವರು ಹೆಸರು ನೋಂದಾಯಿಸತಕ್ಕದ್ದು. ಸ್ಟೀರಿಂಗಿಗೆ ಟವೆಲು ನೇತುಹಾಕುವುದನ್ನು ನಿಷೇಧಿಸಿದೆ. ಶನಿವಾರ ಆರು ಗಂಟೆ ಮಾಲೀಕರಿಗೆ ಮೀಸಲು." ಉಳಿದ ಹೊತ್ತೆಲ್ಲ ಅಂದೇ ಭರ್ತಿಯಾಯಿತು. ಬುಧವಾರ ಬೆಳಗಿನ ಏಳು ಗಂಟೆಗೆ ರೌಹಾ ತಮ್ಮ ಸೊಂಟವನ್ನು ನೋಂದಾಯಿಸಿದರು. ಹೊತ್ತು ತಪ್ಪೀತೆಂದು ಕಾರನ್ನು ಯಾರೂ ಅಲುಗಿಸಲಿಲ್ಲ. ಮಕ್ಕಳು ಸ್ಕೀ ಹಾಕಿಕೊಂಡು ಸ್ಕೂಲಿಗೆ ಹೋದರು, ಯಾರ್ನೊ ಕೆಲಸಕ್ಕೆ ನಡೆದುಹೋದ.

ಫೆಬ್ರವರಿಯಲ್ಲಿ ಓಸ್ಮೊ ಫೋನು ಮಾಡಿದ. ಗ್ರಾಹಕರ ತೃಪ್ತಿ ವಿಚಾರಿಸುವುದು ಅಂಗಡಿಯ ಪದ್ಧತಿ.

"ಹೇಗಿದೆ ಗಾಡಿ? ಹಿಮದಲ್ಲಿ ಚೆನ್ನಾಗಿ ಓಡ್ತಿದೆಯಾ?"

"ಇನ್ನೂ ಓಡಿಸಿ ನೋಡಿಲ್ಲ. ಪುರಸೊತ್ತಾಗ್ಲಿಲ್ಲ."

"ದೂರು ಏನಾದ್ರೂ?"

"ಹಿಂದಿನ ಸೀಟಲ್ಲಿ ಎಡಗಡೆ ಉಗಿ ಸ್ವಲ್ಪ ಕಮ್ಮಿ."

ಆ ಕಡೆ ಪೆನ್ನು ಗೀಚುವ ಸದ್ದು ಕೇಳಿಸಿತು. "ಸರಿ ಸರ್," ಅಂದ ಓಸ್ಮೊ, "ಈ ಮಾಡೆಲ್‌ನಲ್ಲಿ ಎಲ್ರೂ ಅದನ್ನೇ ಹೇಳ್ತಿದ್ದಾರೆ."