ಮಾವಿನ ಗಿಡಕ್ಕೆ ಕಟ್ಟಿದ ಬಾಟ್ಲಿಗಳು

ಓದಿದ್ದನ್ನೆಲ್ಲ ಮನೆಯಲ್ಲೇ ಮಾಡಿ ನೋಡಬೇಕೆನ್ನುವ ಚಟ ಗಂಡಸಿಗೆ ಇರಬಾರದು. ನನಗಿದೆ. ಸವಣೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಅಕ್ಕಿಆಲೂರಿನ ನಮ್ಮ ಹಿತ್ತಿಲಲ್ಲಿ ಕಷಾಯ ಕುದಿಸಲು ಕೂತದ್ದು ಇದೇ ಚಟದಿಂದ. ಕಾರಣ ಒಂದು ಮಾವಿನ ಗಿಡ. ನಾವು ಮನೆ ಕಟ್ಟಿಸಿದಾಗ ನಮ್ಮ ಅತ್ತೆ ತಡಸದಿಂದ ಬಸ್ಸಿನಲ್ಲಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದು ನೆಟ್ಟ ಸಸಿ ಅದು. ಈಗಲೂ ಫೋನು ಮಾಡಿದರೆ ಮಗಳ ಆರೋಗ್ಯಕ್ಕಿಂತ ಮೊದಲು ಗಿಡದ್ದನ್ನು ಕೇಳುತ್ತಾರೆ.

ಆ ಗಿಡದ ಬೊಡ್ಡೆಯಲ್ಲಿ ತೂತು ಬಿದ್ದು, ಕಟ್ಟಿಗೆಯ ಹಿಟ್ಟು ಉದುರತೊಡಗಿತು. ಒಂದು ಟೊಂಗೆ ಒಣಗಿಯೂ ಹೋಯಿತು. ಮರ ಕೊರೆಯುವ ದುಂಬಿಯ ಕೆಲಸ. "ಕಡಿಸಿಬಿಡ್ರಿ ಸರ, ಇದು ಉಳಿಯೂದಿಲ್ಲ" ಎಂದರು ಪಕ್ಕದ ಮನೆಯವರು. ನನ್ನ ಹೆಂಡತಿ ಸರಸ್ವತಿ, "ಕಡಸ್ರಿ ಬೇಕಾದ್ರ. ಆದ್ರ ಅವ್ವಗ ನೀವ ಹೇಳ್ರಿ, ನನ್ನ ಕೈಲೆ ಆಗೂದಿಲ್ಲ" ಎಂದು ಒಳಗೆ ಹೋದಳು. ಅತ್ತೆಗೆ ಹೇಳುವುದಕ್ಕಿಂತ ದುಂಬಿಯನ್ನು ಎದುರಿಸುವುದೇ ಸುಲಭವೆನಿಸಿತು.

ಸೊರಗಿದ ಮರದ ವಾಸನೆ ಹಿಡಿದು ದುಂಬಿ ಬರುತ್ತದೆ, ಆ ವಾಸನೆಯನ್ನು ಬಾಟ್ಲಿಯಲ್ಲಿಟ್ಟರೆ ಬಾಟ್ಲಿಗೇ ಬರುತ್ತದೆ ಎಂದು ಎಲ್ಲೋ ಓದಿದ್ದೆ. ಮಾವಿನ ತೊಗಟೆ ಕುದಿಸಿ, ಬೆಲ್ಲ ಹಾಕಿ, ಹುಳಿಯಲು ಬಿಟ್ಟೆ. ಬೊಡ್ಡೆಯ ತೂತುಗಳನ್ನು ತಂತಿಯಿಂದ ಕೆದಕಿ, ಬೇವಿನೆಣ್ಣೆಯಲ್ಲಿ ಅದ್ದಿದ ಅರಳೆ ತುರುಕಿ, ಮೇಲೆ ಕೆಸರು ಮೆತ್ತಿದೆ. ಕಷಾಯ ಹುಳಿತು. ಹಿತ್ತಿಲು ಸಾರಾಯಿ ಅಂಗಡಿಯ ಹಾಗೆ ನಾರತೊಡಗಿತು. ಗುಜರಿ ಅಂಗಡಿಯ ಬಾಟ್ಲಿಗಳಿಗೆ ಮೇಲ್ಭಾಗದಲ್ಲಿ ಕಿಂಡಿ ಕೊರೆದು, ಕಷಾಯ ತುಂಬಿ, ಗಿಡಕ್ಕೆ ನೇತುಹಾಕಿದೆ.

ಅತ್ತೆ ಹೇಳದೆ ಕೇಳದೆ ಬಂದಿಳಿದದ್ದು ಮೂರನೆಯ ದಿನ, ನಾನು ಬಾಟ್ಲಿಗಳಿಗೆ ಮತ್ತಷ್ಟು ಕಷಾಯ ಸುರಿದು ಕಟ್ಟೆಯ ಮೇಲೆ ಕೂತಿದ್ದಾಗ. ಸರಸ್ವತಿ ಸಂತೆಗೆ ಹೋಗಿದ್ದಳು. ಅವರು ಗಿಡ ನೋಡಿದರು, ಬಾಟ್ಲಿ ಮೂಸಿದರು, ಕಷಾಯ ಸಿಡಿದ ನನ್ನ ಅಂಗಿಯ ಹತ್ತಿರವೂ ಮೂಗು ತಂದರು. ಬೈಯಲಿಲ್ಲ. ಕಟ್ಟೆಯ ಮೇಲೆ ನನ್ನ ಪಕ್ಕ ಕುಂತು ಮೆಲ್ಲಗೆ ಹೇಳಿದರು: "ಅಳಿಯಂದಿರ, ಮನಸಿಗೆ ಏನರ ತ್ರಾಸ ಐತೇನ್ರಿ? ನನ್ನ ಮಗಳ ಬಾಯಿ ಜೋರು, ನನಗ ಗೊತ್ತೈತಿ. ಅದಕ್ಕಂತ ಹಿಂಗ ಗಿಡದಾಗ ಇಟಗೊಂಡು ಕುಡಿಯೂದು ಬ್ಯಾಡ್ರಿ."

"ಅದು ನನಗಲ್ರೀ ಅತ್ತಿ, ಹುಳಕ್ಕ!" ಎಂದು ಕೂಗಿದೆ. ಕುಡಿದವರ ಬಾಯಲ್ಲಿ ಇಂಥ ನೆಪವನ್ನು ಅವರು ಹಿಂದೆ ಕೇಳಿರಲಿಲ್ಲವೆಂದು ಕಾಣುತ್ತದೆ, ಕಣ್ಣು ತುಂಬಿ ಬಂತು. ಗಡಬಡಿಸಿ ಬಾಟ್ಲಿ ಇಳಿಸಿ ತೋರಿಸಿದೆ. ಒಳಗೆ ಉದ್ದ ಮೀಸೆಯ ದಪ್ಪ ದುಂಬಿಗಳು ತೇಲುತ್ತಿದ್ದವು. ಅತ್ತೆ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು, "ಪಾಪ, ಕುಡದ ಸತ್ತಾವಲ್ರೀ!" ಎಂದು ನಕ್ಕುಬಿಟ್ಟರು. ಚಿಗುರು ನೋಡಿಯೇ ಹೋಗುವುದೆಂದು ಉಳಿದರು. ಬೆಲ್ಲ ಹಾಕುವ ಕೆಲಸ ಆಮೇಲೆ ಅವರದೇ, ನನ್ನ ಕೈ ಬಿಗಿಯಂತೆ.

ಮಳೆ ಹಿಡಿಯುವ ಹೊತ್ತಿಗೆ ಹಿಟ್ಟು ಉದುರುವುದು ನಿಂತು, ಗಿಡ ಕೆಂಪಗೆ ಚಿಗುರಿತು. ಹೊರಡುವ ದಿನ ಅತ್ತೆ ಎರಡು ತಾಯಿತ ತೆಗೆದರು. ಒಂದನ್ನು ಗಿಡಕ್ಕೆ ಕಟ್ಟಿದರು. ಇನ್ನೊಂದನ್ನು ನನ್ನ ತೋಳಿಗೆ ಬಿಗಿಯುತ್ತ, "ನಿಮ್ಮ ಮ್ಯಾಲ ನನಗ ಪೂರಾ ನಂಬಿಗಿ ಐತಿ. ಆದರೂ ಇರ್ಲಿ" ಎಂದರು.

ಗಿಡದ ತಾಯಿತ ಮೊದಲ ಗಾಳಿಗೇ ಬಿದ್ದುಹೋಯಿತು. ನನ್ನದನ್ನು ಮಾತ್ರ ಸರಸ್ವತಿ ಬಿಚ್ಚಗೊಡುತ್ತಿಲ್ಲ.