ಸ್ಕ್ರೂಡ್ರೈವರ್ ಇಲ್ಲದ ಭಾನುವಾರ

ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುವುದು ಅಂಥ ಕಷ್ಟವೇನಲ್ಲ. ಅದನ್ನು ಹೊತ್ತು ತಂದವರ ಮಾತು ಕೇಳುವುದಿದೆಯಲ್ಲ, ಅದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ದಾವಣಗೆರೆಯಲ್ಲಿ ಅಂಗಡಿ ಇಟ್ಟ ದಿನದಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇವೆ. ಬಾಗಿಲು ಹಾಕಿದರೆ ಮನೆ ಹುಡುಕಿಕೊಂಡು ಬರುತ್ತವೆ. ಮೊದಮೊದಲು ನಗು ಬರುತ್ತಿತ್ತು, ಈಗ ಆಕಳಿಕೆ ಬರುತ್ತದೆ.

ಆದರೂ ಒಂದು ವಾರವನ್ನು ಮರೆಯುವ ಹಾಗಿಲ್ಲ. ಆ ಭಾನುವಾರ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಳು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುತ್ತಾಳೆ. ಬಂದಬಂದವರ ಎದುರು ಕೂತು ಅವಳಿಗೂ ಸಾಕಾಗಿತ್ತು. "ಅಪ್ಪಾ, ಇದೇ ಕೊನೇದು. ಇದೂ ಆಗ್ಲಿಲ್ಲ ಅಂದ್ರೆ ಇನ್ನ ಯಾರ ಮುಂದೂ ಸೀರೆ ಉಟ್ಕೊಂಡು ತಟ್ಟೆ ಹಿಡ್ಕೊಂಡು ಬರಂಗಿಲ್ಲ" ಎಂದು ಹೇಳಿಬಿಟ್ಟಿದ್ದಳು. ಅವಳು ಒಮ್ಮೆ ಹೇಳಿದರೆ ಮುಗಿಯಿತು.

ನನ್ನ ಹೆಂಡತಿಗೆ ಚಿಂತೆ ಇದ್ದದ್ದು ಮಗಳದ್ದಲ್ಲ, ನನ್ನದು. "ಹೋದ ಸಲ ಹುಡುಗನ ಸೋದರಮಾವನ ಲ್ಯಾಪ್‌ಟಾಪ್ ಬಿಚ್ಕೊಂಡು ಕೂತ್ರಿ. ಅವ್ರು ಎದ್ದು ಹೋಗಿದ್ದೂ ನಿಮಗೆ ಗೊತ್ತಾಗ್ಲಿಲ್ಲ. ಈ ಭಾನುವಾರ ಮನೇಲಿ ಒಂದು ಸ್ಕ್ರೂಡ್ರೈವರ್ ಕಂಡ್ರೆ ನೋಡ್ರಿ ಮತ್ತೆ" ಎಂದಳು. ನಾನು ತಲೆಯಾಡಿಸಿದೆ. ನನಗೂ ಒಂದು ದಿನ ಬಿಡುವು ಬೇಕಿತ್ತು.

ಮಾನಿಟರ್

ಸೋಮವಾರ ಲೋಕಿಕೆರೆಯಿಂದ ಒಬ್ಬರು ಬೈಕಿನಲ್ಲಿ ಬಂದರು. ಹಿಂದೆ ಅವರ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಚಾದರ ಸುತ್ತಿದ ಮಾನಿಟರ್.

"ಕಂಪ್ಯೂಟರ್ ಆನ್ ಆಗಂಗಿಲ್ಲ ನೋಡ್ರಿ" ಎಂದರು. ನಾನು ಅಂಗಡಿಯ ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಮಾನಿಟರ್ ಚೆನ್ನಾಗಿಯೇ ಇತ್ತು.

"ಕಂಪ್ಯೂಟರ್ ಎಲ್ರಿ?"

"ಇದೇ ಅಲ್ಲೇನ್ರಿ!"

"ಇದು ಬರೀ ಪರದೆ. ಟೇಬಲ್ ಕೆಳಗೆ ಒಂದು ಡಬ್ಬ ಇರ್ತತಲ್ರಿ, ಅದು?"

ಅವರು ನಕ್ಕರು. "ಅದು ಸ್ಟೆಬಿಲೈಸರ್ರಿ. ನಾನು ಅದ್ರ ಮ್ಯಾಲೆ ಕಾಲಿಟ್ಕೊಂಡು ಕೂಡ್ತೀನಿ."

ಡಬ್ಬ ತನ್ನಿ ಎಂದು ಕಳಿಸಿದೆ. ಮರುದಿನ ಯುಪಿಎಸ್ ತಂದರು. "ಇದು ಭಾಳ ತೂಕ ಇತ್ತು. ಎಲ್ಲಾ ಇದ್ರಾಗೇ ಇರ್ಬೇಕು ಅಂತ ತಂದೆ" ಎಂದರು. ಇನ್ನು ಇವರನ್ನು ಮೂರನೇ ಸಲ ಓಡಾಡಿಸಿದರೆ ಏನು ತರುತ್ತಾರೋ ಎಂದು ಹೆದರಿ ನಾನೇ ಗಾಡಿ ಹತ್ತಿದೆ.

ನೋಡಿದರೆ, ಕಾಲಿಟ್ಟು ಕಾಲಿಟ್ಟು ಹೆಬ್ಬೆರಳಿಗೆ ಸಿಕ್ಕಿ ಪವರ್ ಬಟನ್ ಒಳಗೇ ಕಚ್ಚಿಕೊಂಡಿತ್ತು. ಅದನ್ನು ಈಚೆ ಎಳೆದು ಒತ್ತಿದೆ, ಕಂಪ್ಯೂಟರ್ ಆನ್ ಆಯಿತು. "ಕೆಲಸ ಎಲ್ಲಾ ಮಾಡೋದು ಇದೇರಿ. ಇದೇ ಕಂಪ್ಯೂಟರ್" ಎಂದೆ. ಅವರ ಮುಖ ಸಣ್ಣದಾಯಿತು. "ಅಯ್ಯೋ ಶಿವನೇ, ಇಷ್ಟು ದಿನ ವಿದ್ಯೆ ತುಳಿದೀನಲ್ರಿ!" ಎಂದು ಡಬ್ಬವನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ನನಗೂ ಮನಸ್ಸು ತುಂಬಿ ಬಂತು. ಗಾಡಿ ಸ್ಟಾರ್ಟ್ ಮಾಡುವಾಗ ಅವರು ಹಿಂದೆಯೇ ಬಂದು ಮೆಲ್ಲಗೆ ಕೇಳಿದರು, "ಎಲ್ಲಾ ಸರಿರಿ. ಈಗ ನಾನು ಕಾಲು ಎಲ್ಲಿ ಇಡ್ಲಿ?"

ಪ್ರೊಸೆಸರ್

ಬುಧವಾರ ಮಂಡಕ್ಕಿ ಹುರಿಯುವ ಭಟ್ಟಿಯ ಸಾಹುಕಾರರ ಫೋನು. "ಭಾಯ್, ಕಂಪ್ಯೂಟರ್ ಅರ್ಧ ತಾಸಿಗೆ ಒಂದ್ಸಲ ತಾನೇ ಬಂದ್ ಆಗ್ತೈತೆ. ಭಾನುವಾರ ನಿಮ್ಮ ಮನೀಗೆ ತರ್ಲಾ?"

"ಭಾನುವಾರ ಮಾತ್ರ ಬ್ಯಾಡ್ರಿ!" ಎಂದು ನಾನೇ ಓಡಿದೆ.

ಭಟ್ಟಿಯಲ್ಲಿ ಗೊತ್ತಲ್ಲ, ಹೊಗೆ, ಮರಳು, ಹೊಟ್ಟು, ಬೆಂಕಿ. ಆಫೀಸೆಂಬ ಕೋಣೆಯಲ್ಲಿ ಮಾನಿಟರ್ ಇತ್ತು, ಕೀಬೋರ್ಡ್ ಇತ್ತು. ವೈರುಗಳು ಮಾತ್ರ ಮೂಲೆಯ ಒಂದು ಮಂಡಕ್ಕಿ ಚೀಲದೊಳಗೆ ಹೋಗಿದ್ದವು.

"ಸಿಪಿಯು ಎಲ್ರಿ?"

"ಚೀಲದಾಗ ಐತಲ್ಲ. ದೂಳು ಹೋಗಬಾರ್ದು ಅಂತ ಹೊಲಿಸೀನಿ. ಒಂದು ಇರುವೆ ಸೈತ ಹೋಗಂಗಿಲ್ಲ" ಎಂದು ಹೆಮ್ಮೆಯಿಂದ ಬೆನ್ನು ತಟ್ಟಿದಂತೆ ಚೀಲವನ್ನು ತಟ್ಟಿದರು. ಬಾಯಿ ಬಿಗಿದು ದಬ್ಬಳದಲ್ಲಿ ಹೊಲಿದ ಚೀಲ. ಮುಟ್ಟಿದರೆ ಕೈ ಸುಡುತ್ತಿತ್ತು.

ಒಳಗಿರುವ ಪ್ರೊಸೆಸರ್ ಎಂಬುದು ಬಿಸಿಯಾಗುತ್ತದೆ, ಅದಕ್ಕೊಂದು ಫ್ಯಾನ್ ಇದೆ, ಆ ಫ್ಯಾನಿಗೆ ಗಾಳಿ ಬೇಕು, ಗಾಳಿ ಸಿಗದಿದ್ದರೆ ಸುಟ್ಟುಹೋಗಬಾರದೆಂದು ತಾನೇ ಆಫ್ ಆಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. "ಗಾಳಿ ಬೇಕು, ದೂಳು ಬ್ಯಾಡ. ಸಮಜ್ ಗಯಾ" ಎಂದರು. ನನ್ನ ಮಾತಿಗೂ ಬೆಲೆ ಬಂತಲ್ಲ ಎಂದು ಖುಷಿಯಾಗಿ, ಚೀಲ ಬಿಚ್ಚಿಸಿ ಫ್ಯಾನ್ ಒರೆಸಿ ಬಂದೆ.

ಶುಕ್ರವಾರ ಆ ಕಡೆ ಹೋದಾಗ ಇಣುಕಿದೆ. ಸಿಪಿಯು ಮತ್ತೆ ಚೀಲ ಹೊಕ್ಕಿತ್ತು. ಫ್ಯಾನ್ ಇರುವ ಕಡೆ ಟೈಲರ್ ಹತ್ತಿರ ಅಂಗಿ ಜೇಬಿನಂಥ ಒಂದು ಕಿಟಕಿ ಮಾಡಿಸಿ, ಅದಕ್ಕೆ ಮೇಲೊಂದು ಮುಚ್ಚಳ, ಎರಡು ಗುಂಡಿ ಇಡಿಸಿದ್ದರು.

"ಸೆಕೆ ಆದಾಗ ಒಂದು ಗುಂಡಿ ಬಿಚ್ತೀವಿ" ಎಂದರು ಸಾಹುಕಾರರು. "ಭಾಳ ಸೆಕೆ ಆದ್ರೆ ಎರಡೂ."

ರ‍್ಯಾಮ್

ಸರಸ್ವತಿ ನಗರದ ನಿವೃತ್ತ ಮೇಷ್ಟ್ರು ಯಾವ ರಿಪೇರಿಯವನನ್ನೂ ನಂಬುವವರಲ್ಲ. ಒಳ್ಳೆಯ ಪಾರ್ಟು ತೆಗೆದು ಹಳೆಯದು ಹಾಕಿಬಿಡುತ್ತಾರೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಶನಿವಾರ ಅವರು ಹೊತ್ತು ತಂದ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದರೆ ಒಳಗೆಲ್ಲ ಕೆಂಪು ಸಹಿ. ಹಾರ್ಡ್ ಡಿಸ್ಕಿನ ಮೇಲೆ ಸಹಿ, ಪವರ್ ಸಪ್ಲೈ ಮೇಲೆ ಸಹಿ, ಫ್ಯಾನಿನ ಒಂದೊಂದು ರೆಕ್ಕೆಯ ಮೇಲೂ ಚಿಕ್ಕ ಸಹಿ.

"ಮನೆಯವಳ ನೇಲ್ ಪಾಲಿಶ್. ಅಳಿಸಿದ್ರೂ ಹೋಗಲ್ಲ" ಎಂದು ಮೇಷ್ಟ್ರು ಕುರ್ಚಿ ಎಳೆದು ನನ್ನ ಎದುರೇ ಕೂತರು. ಪರೀಕ್ಷೆಯ ಕೋಣೆಯಲ್ಲಿ ಕೂತ ಹಾಗಾಯಿತು ನನಗೆ.

ಸ್ವಿಚ್ ಹಾಕಿದರೆ ಬರೀ ಬೀಪ್ ಬೀಪ್. ರ‍್ಯಾಮ್ ಕಿತ್ತು ನೋಡಿದೆ. ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಅಂಚಿದೆಯಲ್ಲ, ಸರಿಯಾಗಿ ಅದರ ಮೇಲೆಯೇ ಉದ್ದಕ್ಕೂ ಸಹಿ ಹಾಕಿದ್ದರು.

"ಇಲ್ಯಾಕ್ರಿ ಸರ್ ಹಾಕಿದ್ರಿ? ಕರೆಂಟ್ ಹೋಗೋ ಜಾಗ ಇದು."

"ಉಳಿದ ಕಡೆ ಎಲ್ಲಾ ಕರ್ರಗೆ ಉಬ್ಬು ಉಬ್ಬು ಐತೆ. ಅದೊಂದೇ ನುಣ್ಣಗಿತ್ತು."

ಎಷ್ಟೊತ್ತು ಕೂತು ಅದನ್ನು ತಿಕ್ಕಿ ತೆಗೆದೆನೋ ದೇವರಿಗೇ ಗೊತ್ತು. ಕುತ್ತಿಗೆ ಹಿಡಿದುಕೊಂಡಿತು. ರ‍್ಯಾಮ್ ಫಳಫಳ ಹೊಳೆಯಿತು, ಕಂಪ್ಯೂಟರ್ ಆನ್ ಆಯಿತು. ಮೇಷ್ಟ್ರು ಎದ್ದು, ಕನ್ನಡಕ ಏರಿಸಿ, ಒಂದೊಂದೇ ಪಾರ್ಟು ನೋಡುತ್ತ ಬಂದು ರ‍್ಯಾಮ್ ಹತ್ತಿರ ನಿಂತರು.

"ಇದರ ಮೇಲೆ ನನ್ನ ಸಹಿ ಎಲ್ಲಿ?"

"ನಿಮ್ಮೆದುರಿಗೇ ಅಳಿಸಿದ್ನಲ್ರಿ ಸರ್!"

"ಅಳಿಸಿದ್ರೂ ಹೋಗಲ್ಲ ಅಂತ ನಾನು ಆಗ್ಲೇ ಹೇಳಿದ್ದೆ" ಎಂದರು ಮೇಷ್ಟ್ರು. "ಇದು ನಮ್ಮದಲ್ಲ."

ಮದರ್‌ಬೋರ್ಡ್

ಭಾನುವಾರ ಬಂತು. ಫೋನ್ ಆಫ್ ಮಾಡಿದೆ. ಸ್ಕ್ರೂಡ್ರೈವರುಗಳನ್ನೆಲ್ಲ ಹೆಂಡತಿ ಎಲ್ಲಿಟ್ಟಳೋ ನಾನು ಕೇಳಲಿಲ್ಲ. ಉಪ್ಪಿಟ್ಟು, ಶಿರಾ ತಯಾರಾದವು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಇವತ್ತು ಯಾರೂ ಏನೂ ಹೊತ್ತು ತರುವುದಿಲ್ಲ ಎಂದು ಹಾಯಾಗಿ ಕೂತೆ.

ಗಂಡಿನವರದು ಕೊಕ್ಕನೂರು, ಹರಿಹರದಲ್ಲಿ ಬೀಜ ಗೊಬ್ಬರದ ಅಂಗಡಿ. ಕಾರು ಬಂತು. ಹುಡುಗನ ತಾಯಿ ಹೂವು ಹಣ್ಣು ಹಿಡಿದು ಇಳಿದರು. ತಂದೆ ಇಳಿದು ಡಿಕ್ಕಿ ತೆಗೆದರು. ಹುಡುಗ ತಲೆ ತಗ್ಗಿಸಿಕೊಂಡು ಅದರೊಳಗಿಂದ ಒಂದು ಸಿಪಿಯು ಎತ್ತಿಕೊಂಡ.

"ಹೆಂಗೂ ಬರ್ತಿದ್ವಲ್ರಿ" ಎಂದರು ತಂದೆ. "ಅಂಗಡೀದು ಕೆಟ್ಟು ಕೂತೈತೆ. ಎರಡು ಕೆಲಸ ಒಂದೇ ಸಲಕ್ಕೆ ಆಗ್ತಾವೆ ಅಂತ ತಂದ್ವಿ."

"ನಾನು ಬ್ಯಾಡ ಅಂದೆ" ಎಂದ ಹುಡುಗ, ನೆಲ ನೋಡುತ್ತ.

ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ನಾನು ಸುಟ್ಟುಹೋಗಬೇಕಿತ್ತು. ಶಿರಾ ತಟ್ಟೆಗಳ ನಡುವೆ ಟೀಪಾಯಿಯ ಮೇಲೆ ಸಿಪಿಯು ಕೂತಿತು. ನಾನು ಕೈ ಕಟ್ಟಿಕೊಂಡು, "ಇವತ್ತು ಮುಟ್ಟಂಗಿಲ್ರಿ, ನಾಳೆ ನೋಡೋಣ" ಎಂದೆ. ಈ ಸಂಬಂಧವೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಮಗಳು ತಟ್ಟೆ ಕೆಳಗಿಟ್ಟು, ಸೀರೆ ಸೆರಗು ಸಿಕ್ಕಿಸಿ, ಚಮಚದ ಹಿಡಿಯಿಂದ ಸ್ಕ್ರೂ ತಿರುಗಿಸಿ ಕ್ಯಾಬಿನೆಟ್ಟಿನ ಬಾಗಿಲು ತೆಗೆದೇಬಿಟ್ಟಳು.

ಒಳಗೆ ಮದರ್‌ಬೋರ್ಡಿಗೆ ಅಡ್ಡಡ್ಡ ಮೂರು ಪಟ್ಟೆ ವಿಭೂತಿ. ರ‍್ಯಾಮಿಗೆ ಕುಂಕುಮ. ಫ್ಯಾನಿನಲ್ಲಿ ಚೆಂಡು ಹೂವು. ಹಾರ್ಡ್ ಡಿಸ್ಕಿನ ಮೇಲೆ ಒಣಗಿದ ಅರ್ಧ ನಿಂಬೆಹಣ್ಣು.

"ಯಾರು ಮಾಡಿದ್ದು?" ಎಂದಳು.

"ನಾನೇ" ಎಂದ ಹುಡುಗ. "ಆಯುಧ ಪೂಜೆಗೆ. ಹೊರಗೆ ಮಾಡಿದ್ರೆ ಬರೀ ಡಬ್ಬಕ್ಕೆ ಪೂಜೆ ಆದಂಗ, ಕೆಲಸ ಮಾಡೋದು ಒಳಗಿರೋದು ತಾನೆ, ಅಂತ ಬಿಚ್ಚಿದೆ."

"ಆಫ್ ಮಾಡಿ ಮಾಡಿದ್ರಾ, ಆನ್ ಇದ್ದಾಗ್ಲೇನಾ?"

"ಆನ್ ಇದ್ದಾಗ್ಲೇ. ಮಲಗಿರೋ ದೇವರಿಗೆ ಯಾರಾದ್ರೂ ಆರತಿ ಮಾಡ್ತಾರೇನ್ರಿ?"

"ತೀರ್ಥ?"

"ಹಾಕಿದೆ. ಟಪ್ ಅಂತು, ಹೊಗೆ ಬಂತು. ದೇವರು ಒಪ್ಕೊಂತು ಅಂದ್ರು ಅಪ್ಪ. ಅದಕ್ಕೆ ಗಂಟೆ ಇನ್ನೂ ಜೋರಾಗಿ ಬಾರಿಸಿದೆ."

ಮಗಳು ತುಟಿ ಕಚ್ಚಿದಳು. ತಡೆಯಲಾಗಲಿಲ್ಲ. ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಯಾವ ಗಂಡಿನ ಮುಂದೆಯೂ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಹುಡುಗ ಮೊದಲು ಗಾಬರಿಯಾದ, ಆಮೇಲೆ ಅವನೂ ನಕ್ಕ. ನನಗೆ ಜೀವ ಬಂದ ಹಾಗಾಯಿತು.

"ಹೆಂಗವ್ವ, ರಿಪೇರಿ ಆಗ್ತತಾ?" ಎಂದು ತಂದೆ ಗಂಭೀರವಾಗಿ ಕೇಳಿದರು.

"ಮದರ್‌ಬೋರ್ಡ್ ಹೋಗೈತೆ ಮಾವ, ಬೇರೆ ಹಾಕ್ಬೇಕು" ಎಂದಳು ಮಗಳು. ‘ಮಾವ’ ಎಂದದ್ದು ಕೇಳಿ, ಹೆಣ್ಣು ಒಪ್ಪಿತೆಂದು ಹುಡುಗನ ತಾಯಿ ಅವಳ ಹಣೆಗಿಡಲು ತಟ್ಟನೆ ಕುಂಕುಮದ ಬಟ್ಟಲಿಗೆ ಕೈ ಹಾಕಿದರು. "ಆದ್ರೆ ಒಂದು ಮಾತು" ಎಂದಳು ಮಗಳು ಮತ್ತೆ. "ಮುಂದಿನ ವರ್ಷದಿಂದ ಕಂಪ್ಯೂಟರ್ ಪೂಜೆ ನಾನು ಮಾಡ್ತೀನಿ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಹೊರಡುವಾಗ ನಾನು ಸಿಪಿಯು ಎತ್ತಿಕೊಂಡು, "ಮದರ್‌ಬೋರ್ಡ್ ಬಂದ ತಕ್ಷಣ ಹಾಕಿ, ಈ ವಾರದಾಗೇ ಕಳಿಸ್ತೀನ್ರಿ" ಎಂದೆ.

"ಅವಸರ ಏನಿಲ್ಲ ಬೀಗರೇ" ಎಂದರು ಹುಡುಗನ ತಂದೆ, ಕಾರು ಹತ್ತುತ್ತ. "ಇಲ್ಲೇ ಇರ್ಲಿ. ಮದುವೆ ಆದ ಮ್ಯಾಲೆ ಹುಡುಗಿ ಜೊತೀಗೇ ಕಳಿಸಿಕೊಡ್ರಿ."