ಸಿಂಗಾಪುರ ಸರ್ಕಾರವೂ ನನ್ನ ಹರ್ನಿಯಾವೂ

ಸರ್ಕಾರ ಏನಾದರೂ ಅಗ್ಗಕ್ಕೆ ಕೊಡುತ್ತದೆ ಎಂದರೆ ನಿಮಗೆ ಸಂತೋಷವಾಗಬಹುದು, ನನಗೆ ಗುಮಾನಿಯಾಗುತ್ತದೆ. ಅದೂ ಯಾರ ಸರ್ಕಾರ? ನಾನು ಹುಟ್ಟಿದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಸಿಂಗಾಪುರದ ಜುರಾಂಗ್ ವೆಸ್ಟಿಗೆ ಬಂದು, ಪಿ.ಆರ್. (ಕಾಯಂ ವಾಸದ ಪರವಾನಗಿ) ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಥ ಅನಂತರಾಮನ ಬಲಗಡೆಯ ಹರ್ನಿಯಾಕ್ಕೆ, ತೊಂಬತ್ಮೂರನೇ ಇಸವಿಯಲ್ಲಿ, ಈ ದೇಶ ಖರ್ಚಿನ ದೊಡ್ಡ ಪಾಲನ್ನು ತಾನೇ ಹೊತ್ತುಕೊಂಡು ಆಪರೇಷನ್ ಮಾಡುತ್ತದಂತೆ! ಯಾಕೆ ಸ್ವಾಮಿ? ನಾನೇನು ಇವರ ಸೋದರಳಿಯನೇ?

ನನ್ನ ಧರ್ಮಪತ್ನಿ ಕಾಮಾಕ್ಷಿ (ಗುಮಾನಿ ವಿದ್ಯೆಯಲ್ಲಿ ನನಗೆ ಗುರು) ಆಸ್ಪತ್ರೆಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ರೀ, ಸಿ ಕ್ಲಾಸ್ ವಾರ್ಡ್ ಅಂತೆ. ಎ, ಬಿ ಡಾಕ್ಟ್ರುಗಳೆಲ್ಲ ಬೇರೆಯವರಿಗೆ, ಸಿ ಡಾಕ್ಟ್ರು ನಿಮಗೆ!"

"ಡಾಕ್ಟ್ರು ಎಲ್ಲರಿಗೂ ಅವರೇ ಕಣೇ. ಸಿ ವಾರ್ಡಲ್ಲಿ ಎ.ಸಿ. ಇರಲ್ಲ, ಅಷ್ಟೇ."

"ಹಾಗಂತ ಅವರು ಹೇಳ್ತಾರೆ."

ಸಾಲದ್ದಕ್ಕೆ ಊರಿನ ಇನ್ನೊಂದು ತುದಿಯ ಪಾಸಿರ್ ರಿಸ್‌ನಿಂದ ಗೆಳೆಯ ಶಿವರಾಮ್ ಫೋನ್ ಮಾಡಿದ. "ಹುಷಾರು ಕಣಯ್ಯಾ. ಸಬ್ಸಿಡಿ ಪೇಷೆಂಟ್ಸ್ ಜಾಸ್ತಿ ಇರ್ತಾರೆ. ಗಡಿಬಿಡಿಯಲ್ಲಿ ಎಡಗಡೆ ಕುಯ್ದುಬಿಟ್ರೆ ಯಾರನ್ನ ಕೇಳ್ತೀಯ?"

ಆದರೆ ಹೋಗದೆ ವಿಧಿಯಿರಲಿಲ್ಲ. ಸೀನು ಬಂದರೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ ಸೀನಬೇಕಿತ್ತು. ಬಸ್ಸು ಹತ್ತುವಾಗ ಜೀವ ಬಾಯಿಗೆ ಬರುತ್ತಿತ್ತು. ಎರಡು ತಿಂಗಳು ಕಾದು ಸಿಕ್ಕಿದ ತಾರೀಖು ಅದು, ತಪ್ಪಿದರೆ ಮತ್ತೆ ಎರಡು ತಿಂಗಳು. ಹೋಗೋಣ, ಆದರೆ ಮೈಯೆಲ್ಲ ಕಣ್ಣಾಗಿ ಹೋಗೋಣ ಎಂದು ದಂಪತಿಗಳು ಠರಾವು ಪಾಸು ಮಾಡಿದೆವು. ಕಾಮಾಕ್ಷಿ ಹತ್ತಿ, ಡೆಟಾಲು, ಸೋಪು, ದುಪ್ಪಟಿ, ಚೊಂಬು ಎಲ್ಲ ಕಟ್ಟಿದಳು. ಆಮೇಲೆ ನನ್ನನ್ನು ಮಲಗಿಸಿ, ಬಾಲ್‌ಪೆನ್ನಿನಲ್ಲಿ ಹೊಟ್ಟೆಯ ಬಲಗಡೆ 'ಯೆಸ್' ಎಂದೂ ಎಡಗಡೆ 'ನೋ' ಎಂದೂ ಇಂಗ್ಲಿಷಿನಲ್ಲಿ ಬರೆದಳು.

ಕಾಗದದಲ್ಲಿ ನಮಗೆ ಗುಮಾನಿ ಹುಟ್ಟಿಸದ ಸಾಲು ಒಂದೇ ಒಂದು. ಹಿಂದಿನ ರಾತ್ರಿ ಹನ್ನೆರಡರಿಂದ ಫಾಸ್ಟಿಂಗ್ ಇರಬೇಕು ಎಂಬುದು.

"ಉಪವಾಸ ಮಾಡೋದನ್ನ ನಮಗೆ ಹೇಳ್ಕೊಡ್ತಾರಾ ಇವರು?" ಎಂದು ಕಾಮಾಕ್ಷಿ ನಕ್ಕಳು.

ನಿಜವೇ. ತಿಂಗಳಿಗೆರಡು ಏಕಾದಶಿ ಆಚರಿಸುವ ಮನೆತನ ನಮ್ಮದು. ನಮ್ಮಲ್ಲಿ ಉಪವಾಸವೆಂದರೆ ಅನ್ನಕ್ಕೆ ರಜ. ಉಪ್ಪಿಟ್ಟು, ಬಾಳೆಹಣ್ಣು, ಹಾಲು ಇವೆಲ್ಲ ಎಂದಿನಂತೆ ಡ್ಯೂಟಿಯ ಮೇಲಿರುತ್ತವೆ. ಅವತ್ತು ಬೆಳಗ್ಗೆ ಐದೂವರೆಗೇ ಕಾಮಾಕ್ಷಿ ಮಡಿಯಲ್ಲಿ, ಈರುಳ್ಳಿ ಹಾಕದೆ, ಬಿಸಿಬಿಸಿ ಉಪ್ಪಿಟ್ಟು ಮಾಡಿ ಬಡಿಸಿದಳು. ನಾನು ಎರಡು ಸಲ ಹಾಕಿಸಿಕೊಂಡೆ.

ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರು: "ಫಾಸ್ಟಿಂಗ್ ಆಹ್?"

"ಸ್ಟ್ರಿಕ್ಟ್ ಫಾಸ್ಟಿಂಗ್!" ಎಂದೆ, ಎದೆಯುಬ್ಬಿಸಿ.

ವಾರ್ಡಿನಲ್ಲಿ ನಾನು ಯಾರನ್ನೂ ಬಿಡಲಿಲ್ಲ. ಸೂಜಿ ಹೊಸದೇ? ಡಾಕ್ಟರಿಗೆ ಎಷ್ಟು ವರ್ಷದ ಅನುಭವ? ತಮಿಳು ನರ್ಸಮ್ಮ ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಹೇಳಿ, ಕಟ್ಟಿಸಿದ ಹಲ್ಲು ಇದೆಯೇ ಎಂದು ನೋಡಲು ಬಾಯಿ ತೆಗೆಯಿರಿ ಎಂದರು. ತೆಗೆದೆ. ಟಾರ್ಚು ಒಂದೇ ಕಡೆ ನಿಂತುಬಿಟ್ಟಿತು.

"ಸಾರ್, ಇದು ಕಡುಗು ತಾನೇ?" (ಕಡುಗು ಎಂದರೆ ಸಾಸಿವೆ. ದವಡೆ ಹಲ್ಲಿನ ಸಂದಿಯಲ್ಲಿ ಕೂತಿತ್ತು.) "ಏನು ತಿಂದ್ರಿ?"

"ಅಯ್ಯೋ, ಏನೂ ತಿಂದಿಲ್ಲ ಸಿಸ್ಟರ್! ಬರೀ ಉಪ್ಪಿಟ್ಟು."

ಸ್ಟ್ರೆಚರ್ ಹಿಡಿದು ನಿಂತಿದ್ದ ಮಲಯ್ ಮನುಷ್ಯ, ವರ್ಷಕ್ಕೊಂದು ತಿಂಗಳು ಹಗಲೆಲ್ಲ ಹನಿ ನೀರಿಲ್ಲದೆ ಇರುವವನು, ನನ್ನನ್ನು ಕನಿಕರದಿಂದ ನೋಡಿದ. "ಅಂಕಲ್, ಫಾಸ್ಟಿಂಗ್ ಮೀನ್ಸ್ ವಾಟರ್ ಆಲ್ಸೋ ಕೆನಾಟ್ ಲಾ!"

ಚೀನೀ ಸರ್ಜನ್ ಬಂದರು. ಬಟ್ಟೆ ಸರಿಸಿದರು, 'ಯೆಸ್' ಓದಿದರು, 'ನೋ' ಓದಿದರು, ಮತ್ತೆ ಮುಚ್ಚಿದರು. ಹೊಟ್ಟೆಯಲ್ಲಿ ತಿಂಡಿ ಇಟ್ಟುಕೊಂಡು ಅನಸ್ತೀಸಿಯಾ ತೆಗೆದುಕೊಂಡರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದು ಪ್ರಾಣವೇ ಹೋಗಬಹುದು ಎಂದು ವಿವರಿಸಿದರು.

"ಆದರೆ ಡಾಕ್ಟರ್, ನಮ್ಮ ಧರ್ಮದಲ್ಲಿ ಉಪ್ಪಿಟ್ಟು ಊಟವೇ ಅಲ್ಲ," ಎಂದೆ.

"ನಿಮ್ಮ ಹೊಟ್ಟೆಗೆ ಅದು ಗೊತ್ತಿಲ್ಲವಲ್ಲ," ಎಂದರು.

ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಇಡೀ ಸಿಂಗಾಪುರವನ್ನೇ ಅನುಮಾನಿಸಿದ ನಾನು ಒಂದು ತಟ್ಟೆ ಉಪ್ಪಿಟ್ಟನ್ನು ಅನುಮಾನಿಸಲಿಲ್ಲ. ನನ್ನ ಸರದಿ ಪಕ್ಕದ ಮಂಚದವನಿಗೆ ಹೋಯಿತು. ನಾನು ಹೊಟ್ಟೆ ಹಿಡಿದುಕೊಂಡು ಕಾಮಾಕ್ಷಿಯ ಹಿಂದೆ ಬಸ್ಸು ಹತ್ತಿದೆ.

"ನೋಡಿದ್ರಾ? ಕ್ಯಾನ್ಸಲ್ ಮಾಡೋಕೆ ನೆಪ ಹುಡುಕ್ತಾ ಇದ್ರು," ಎಂದಳು ಕಾಮಾಕ್ಷಿ ದಾರಿಯುದ್ದಕ್ಕೂ.

ಎರಡು ತಿಂಗಳ ಮೇಲೆ ಮತ್ತೆ ಕರೆ ಬಂತು. ಈ ಸಲ ಹಿಂದಿನ ದಿನವೇ ಬಂದು ಅಡ್ಮಿಟ್ ಆಗಬೇಕೆಂದು ಅಪ್ಪಣೆ. ನರ್ಸುಗಳ ಮೇಜಿನ ಎದುರಿಗೇ ಮಂಚ ಕೊಟ್ಟರು. ಕಾಮಾಕ್ಷಿಯ ಚೀಲ ಬಿಚ್ಚಿಸಿ ಎರಡು ಬಾಳೆಹಣ್ಣು ಜಪ್ತಿ ಮಾಡಿದರು. ಬೆಳಗಾಗುವವರೆಗೆ ಬಂದವರೆಲ್ಲ ನನ್ನ ಬಾಯಿ ಬಿಡಿಸಿ ಟಾರ್ಚು ಹಾಕಿದರು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸರ್ಜನ್ ನನ್ನ ಮೇಲೆ ಬಗ್ಗಿ, ಏನಾದರೂ ತಿಂದಿದ್ದೀರಾ ಎಂದು ಕೇಳಿದರು.

"ಇಲ್ಲ ಡಾಕ್ಟರ್. ದೇವರಾಣೆ, ಒಂದು ಹನಿ ನೀರೂ ಇಲ್ಲ."

ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಆಸ್ಕ್ ದ ವೈಫ್," ಎಂದರು.